ಎರಡು ವಾರ್ಡು, ಒಬ್ಬಳೇ ನರ್ಸು

ಅಕ್ಕ ತೀರಿಕೊಂಡಾಗ ನಾನು ಅವಳಿಂದ ಮೂವತ್ತು ಹೆಜ್ಜೆ ದೂರದಲ್ಲಿ ಬೇರೆ ಯಾರದೋ ಕೈಗೆ ಸಲೈನ್ ಹಚ್ಚುತ್ತಿದ್ದೆ.

ಬನಹಟ್ಟಿಯಲ್ಲಿ ಪವರ್‌ಲೂಮಿಗೆ ನೂಲಿನ ಕಂಡಿಕೆ ಸುತ್ತಿ ನನ್ನನ್ನು ನರ್ಸಿಂಗ್ ಓದಿಸಿದವಳು ಅವಳು. ಉಸಿರಾಟದ ತೊಂದರೆ ಹೆಚ್ಚಾದಾಗ, ನಾನು ಕೆಲಸ ಮಾಡುತ್ತಿದ್ದ ಜಮಖಂಡಿಯ ಖಾಸಗಿ ಆಸ್ಪತ್ರೆಗೆ ಹಟ ಮಾಡಿ ಸೇರಿಸಿದ್ದೆ. “ನಾ ಅಲ್ಲೇ ಇರ್ತೇನಲ್ಲ, ಯಾಕ ಅಂಜತಿ?” ಎಂದಿದ್ದೆ.

ಆ ಮಧ್ಯಾಹ್ನ ಗಂಡಸರ ವಾರ್ಡು, ಹೆಂಗಸರ ವಾರ್ಡು ಎರಡಕ್ಕೂ ನಾನೊಬ್ಬಳೇ. ಅಕ್ಕನ ಉಸಿರು ಬದಲಾದದ್ದು ಗೊತ್ತಾಗಿ ಡಾಕ್ಟರಿಗೆ ಹೇಳಿದೆ, ಅವರು ನೋಡಿ ಹೋದರು. ಒಂದು ತಾಸು ಅವಳ ಹತ್ತಿರ ಕೂರಲು ಬಿಡಿ ಎಂದು ಮ್ಯಾನೇಜರನ್ನು ಕೇಳಿದೆ.

“ಯಾರೂ ಇಲ್ರಿ ಸಿಸ್ಟರ್. ಎಲ್ಲಿಂದ ತರ್ಲಿ?” ಎಂದ.

ನಂಬಿದೆ. ಗಂಡಸರ ವಾರ್ಡಿಗೆ ಓಡಿದೆ. ಮರಳಿ ಬಂದಾಗ ಅಕ್ಕನ ಗಂಡ ಅವಳ ಪಾದ ಹಿಡಿದುಕೊಂಡು ನಿಂತಿದ್ದ.

ಮಣ್ಣು ಮಾಡಿದ ಐದನೇ ದಿನಕ್ಕೆ ಡ್ಯೂಟಿಗೆ ಕರೆದರು. ಹೋದೆ. ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದವಳು ಮೂರು ಮೂರು ಸಲ ಸೂಜಿ ಚುಚ್ಚುತ್ತಿದ್ದೆ. ಎರಡು ತಿಂಗಳು ಹಾಗೇ ತಳ್ಳಿದೆ. ಒಂದು ದಿನ ನೀರು ಕೇಳಿದ ಮುದುಕನಿಗೆ, “ಸಾಯೂದಿಲ್ಲ ನೀ, ಸುಮ್ಕ ಬಿದ್ಕೋ!” ಎಂದು ಚೀರಿಬಿಟ್ಟೆ. ಅವನು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ. ಅವನಿಗೆ ನೀರು ಕುಡಿಸಿ, ಡ್ಯೂಟಿ ಮುಗಿಸಿ, ಬನಹಟ್ಟಿಯ ಬಸ್ಸು ಹತ್ತಿದವಳು ಹತ್ತು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಮನೆಗೆ ಬಂದವರೆಲ್ಲ “ಸೇವಾ ಮಾಡೂ ಕೈ, ಹಿಂಗ ಕುಂದ್ರಬಾರ್ದು” ಎನ್ನುತ್ತಿದ್ದರು. ಸೇವಾ ಎಂಬ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು. ಆ ಹೆಸರಿನಲ್ಲೇ ಅಲ್ಲವೇ ನನ್ನನ್ನು ಓಡಾಡಿಸಿದ್ದು?

ಆಗ ಓಣಿಯ ಒಬ್ಬ ಅಜ್ಜಿ ಸೊಂಟ ಮುರಿದು, ಬೇರೊಂದು ಆಸ್ಪತ್ರೆಯಲ್ಲಿ ತಿಂಗಳು ಮಲಗಿ ಮನೆಗೆ ಬಂದಳು. ಸೊಸೆ ಕರೆದಳೆಂದು ನೋಡಲು ಹೋದೆ. ಮಗ್ಗಲು ಬದಲಿಸದೆ ಮಲಗಿಸಿದ್ದಕ್ಕೆ ಬೆನ್ನ ಕೆಳಗೆ ಅಂಗೈಯಗಲ ಹುಣ್ಣು.

“ಅಲ್ಲಿ ನಿನ್ನ ಮಗ್ಗಲಾ ಹೊಳ್ಳಸಲಿಲ್ಲೇನಬೇ ಯಾರೂ?”

“ಯಾರ ಹೊಳ್ಳಸಬೇಕ ಯವ್ವಾ? ಒಬ್ಬಾಕಿ ಹುಡುಗಿ. ಓಡ್ಯಾಡಿ ಸಾಕಾಗಿ ಅಳಾಕತ್ತಿದ್ಲು ಪಾಪ.”

ತಾಸುಗಟ್ಟಲೆ ಕೂತು ಹುಣ್ಣು ತೊಳೆದೆ. ಒಂದು ಸಲವೂ ಅವಳಿಗೆ ನೋಯಿಸಲಿಲ್ಲ. ಆ ಹುಣ್ಣು ಮಾಯುವವರೆಗೆ ದಿನಾ ಹೋದೆ. ಆಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತೇನೆಂದಾಗ ಅಕ್ಕನ ಗಂಡ, “ಬ್ಯಾರೆ ದವಾಖಾನಿ ನೋಡ್ಕೊ” ಎಂದ. ನಾನು ಕೇಳಲಿಲ್ಲ. ಒಬ್ಬಳನ್ನೇ ಎರಡು ಕಡೆ ಓಡಿಸುವುದನ್ನು ಅಲ್ಲಿಯೇ ನಿಲ್ಲಿಸಬೇಕಿತ್ತು, ನನಗೆ ಅಲ್ಲಿಗೇ ಹೋಗಬೇಕಿತ್ತು.

“ಹಳೇದೆಲ್ಲಾ ಮರತ ಬಿಡ್ರಿ ಸಿಸ್ಟರ್” ಎಂದ ಮ್ಯಾನೇಜರ್.

“ಮರಿಯೂದಿಲ್ರಿ. ಒಂದ ಹೊತ್ತಿಗೆ ಒಂದ ವಾರ್ಡ್ ಅಷ್ಟ ನೋಡ್ತೇನಿ. ಒಪ್ಪಿಗಿದ್ರ ಹೇಳ್ರಿ.”

ಒಪ್ಪಿದ. ಮೂರನೇ ವಾರಕ್ಕೇ ಬಂದು, ಇವತ್ತೊಂದು ದಿನ ಗಂಡಸರ ವಾರ್ಡನ್ನೂ ನೋಡಿ, ಯಾರೂ ಇಲ್ಲ ಎಂದ. ನಾನು ಒಂದು ಹಾಳೆ ಮುಂದೆ ಹಿಡಿದೆ. “ಎರಡೂ ವಾರ್ಡಿಗೆ ಒಬ್ಬಾಕಿನ ಹಾಕೇನಿ, ಏನಾದ್ರೂ ಆದ್ರ ಜವಾಬ್ದಾರಿ ನಂದು ಅಂತ ಬರದ ಸಹಿ ಮಾಡ್ರಿ. ನೋಡ್ತೇನಿ.”

ಅವನು ಹಾಳೆ ಮುಟ್ಟಲಿಲ್ಲ. ಫೋನ್ ಹಚ್ಚುತ್ತ ಹೊರಗೆ ಹೋದ.

ಹತ್ತು ನಿಮಿಷಕ್ಕೆ ಮೇಲಿನ ಮಹಡಿಯಿಂದ ಒಬ್ಬ ನರ್ಸ್ ಇಳಿದು ಬಂದಳು. ಅವಳನ್ನು ವಿಮೆಯ ಕಾಗದ ತುಂಬಲು ಆಫೀಸಿನಲ್ಲಿ ಕೂರಿಸಿದ್ದರು. ಅಲ್ಲೊಬ್ಬಳು ನರ್ಸ್ ಇದ್ದಾಳೆ ಎಂಬುದೇ ಕೆಳಗಿದ್ದ ನಮಗೆ ಗೊತ್ತಿರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದೆ.

“ಎರಡ ವರ್ಷ ಆತ್ರಿ ಅಕ್ಕಾರ.”

ಎರಡು ವರ್ಷ. ಅಂದರೆ ಅಕ್ಕ ಉಸಿರಿಗಾಗಿ ಒದ್ದಾಡುತ್ತಿದ್ದಾಗ ಇವಳು ಮೇಲೆಯೇ ಇದ್ದಳು. ಕರೆದಿದ್ದರೆ ಬರುತ್ತಿದ್ದಳು. ಈ ಹುಡುಗಿಯ ತಪ್ಪೇನಿತ್ತು? ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. “ಅವತ್ತೂ ಇಕಿ ಮ್ಯಾಲ ಇದ್ಲು” ಎಂದೆ. ನನ್ನ ಮೋರೆ ನೋಡದೆ ಹೋಗಿಬಿಟ್ಟ.

ನಾನು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ. ಈಗ ಉಳಿದ ನರ್ಸುಗಳೂ ಬರೆದುಕೊಡಿ ಎನ್ನುತ್ತಾರೆ. ಯಾರಿಗೂ ಎರಡು ವಾರ್ಡು ಹಾಕುವುದಿಲ್ಲ. ಇದನ್ನು ಗೆದ್ದೆ ಎನ್ನಲು ಮನಸ್ಸಾಗುವುದಿಲ್ಲ. ಅವತ್ತೂ ಹತ್ತೇ ನಿಮಿಷದಲ್ಲಿ ಒಬ್ಬಳು ಇಳಿದು ಬರಬಹುದಿತ್ತು ಎಂಬ ಮಾತನ್ನು ಅಕ್ಕನ ಗಂಡನಿಗೆ ಹೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.