ಬೈಬಲ್ ಕಾಲೇಜಿಗೆ ಅಡುಗೆ ಕಲಿಸುವ ಅಂಜನಮ್ಮ

ರಾಗಿ ಹುರಿಯುವ ವಾಸನೆ ಎಲ್ಲಿ ಬಂದರೂ ನನಗೆ ಅಜ್ಜಿಯ ಮನೆಯ ಹಿತ್ತಲು ನೆನಪಾಗುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ಕಾಳು ಬಾಣಲೆಯಲ್ಲಿ ಚಟಪಟ ಅನ್ನುವ ಹೊತ್ತಿಗೆ ಮಕ್ಕಳೆಲ್ಲ ಹಾಸಿಗೆ ಬಿಟ್ಟು ಒಲೆಯ ಸುತ್ತ ಸೇರುತ್ತಿದ್ದೆವು. ಕೆಂಗೇರಿಯ ಆಚೆ, ಮೈಸೂರು ರಸ್ತೆಯಿಂದ ಒಳಕ್ಕೆ ಹೋಗುವ ಮಣ್ಣುದಾರಿಯ ಕೊನೆಗೆ ಒಂದು ಬೈಬಲ್ ಕಾಲೇಜಿದೆ. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಅದರ ಗೇಟು ದಾಟಿದರೆ ಅದೇ ವಾಸನೆ ಎದುರಾಗುತ್ತದೆ. ಜಾಡು ಹಿಡಿದು ಹೋದರೆ ಹಿಂಬದಿಯಲ್ಲಿ ಹೆಂಚಿನ ಅಡುಗೆಮನೆ, ಒಳಗೆ ಅಂಜನಮ್ಮ.

ಸೆರಗು ಸೊಂಟಕ್ಕೆ ಬಿಗಿದು, ಎರಡು ಕೈಯಲ್ಲೂ ಸಟ್ಟುಗ ಹಿಡಿದು ರಾಗಿ ಮಗುಚುತ್ತಾರೆ. "ಆ ಮಣೆ ಎಳ್ಕೊಂಡು ಕೂತ್ಕಳಿ ಅಮ್ಮಾ. ಹೊಗೆ ಬಂದ್ರೆ ಬೈಕೋಬೇಡಿ, ಸೌದೆ ಇನ್ನೂ ಹಸಿ," ಎನ್ನುತ್ತಾರೆ. ಹೊರಗೆ ಗಂಟೆ ಬಾರಿಸುತ್ತದೆ. ಹಾಸ್ಟೆಲಿನಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತದೆ. ಆಮೇಲೆ ಮಾತಿಲ್ಲ, ಒಬ್ಬೊಬ್ಬರೂ ತಮ್ಮ ಬೈಬಲ್ ತೆಗೆದು ಮೌನವಾಗಿ ಓದಿಕೊಳ್ಳುವ ಹೊತ್ತು ಅದು.

ಅರವತ್ತು ಚಿಲ್ಲರೆ ವಿದ್ಯಾರ್ಥಿಗಳು ಇಲ್ಲಿದ್ದಾರೆ. ಆಂಧ್ರದವರು, ಮಲಯಾಳಿಗಳು, ಕೋಲಾರದ ಕಡೆಯವರು, ಮಿಜೋ ಬೆಟ್ಟಗಳಿಂದ ದಿನಗಟ್ಟಲೆ ರೈಲಿನಲ್ಲಿ ಬಂದವರು. ಬೆಳಿಗ್ಗೆ ಆರಾಧನೆ, ಆಮೇಲೆ ಪಾಠ. ನೀಲಗಿರಿ ಮರಗಳ ಕೆಳಗೆ ಬೈಬಲಿನ ಮೂಲ ಗ್ರೀಕ್ ಪದಗಳನ್ನು ಗೊಣಗುತ್ತ ಅಡ್ಡಾಡುತ್ತಾರೆ. ಮಧ್ಯಾಹ್ನ ಮೈಮುರಿದು ದುಡಿಯಬೇಕು. ಕಳೆ ಕೀಳುವುದು, ಕಕ್ಕಸು ತೊಳೆಯುವುದು, ಬೆಂಚು ರಿಪೇರಿ ಎಲ್ಲವೂ ಓದಿನ ಭಾಗವೇ. ಭಾನುವಾರ ಅಕಾರ್ಡಿಯನ್ ಹೆಗಲಿಗೇರಿಸಿ ಹಳ್ಳಿಗಳ ಕಡೆ ಹಾಡಿಕೊಂಡು ಹೊರಡುತ್ತಾರೆ. ಶುಕ್ರವಾರ ಮಧ್ಯಾಹ್ನ ಎಲ್ಲರಿಗೂ ಉಪವಾಸ. ಅಂಜನಮ್ಮನದು ಶನಿವಾರ, ಆಂಜನೇಯನಿಗೆ. "ಅವರ ಪಾಡು ನಂಗೆ ಗೊತ್ತು, ನನ್ನ ಪಾಡು ಅವರಿಗೆ ಗೊತ್ತು," ಎಂದು ನಗುತ್ತಾರೆ.

ಊಟಕ್ಕೆ ಮುಂಚೆ ವಿದ್ಯಾರ್ಥಿಗಳಲ್ಲಿ ಒಬ್ಬರು ಎದ್ದು ಪ್ರಾರ್ಥಿಸುವುದು ಇಲ್ಲಿಯ ಪದ್ಧತಿ. ಸಾರನ್ನು ಒಲೆಯಿಂದ ಯಾವಾಗ ಇಳಿಸಬೇಕೆನ್ನುವುದು ಆ ದಿನ ಎದ್ದವರು ಯಾರು ಎನ್ನುವುದರ ಮೇಲಿದೆ.

"ಯೇಸುರತ್ನಂ ಆದ್ರೆ ನಾನು ಇಳ್ಸೋದೇ ಇಲ್ಲ," ಎನ್ನುತ್ತಾರೆ ಅಂಜನಮ್ಮ. "ಆ ಮಗ ಗುಂಟೂರಿಂದ ಶುರು ಮಾಡಿ ದೇಶದಲ್ಲಿರೋ ಕಾಯಿಲೆಯೋರನ್ನೆಲ್ಲ ಹೆಸರಿಟ್ಟು ಕರೀತಾನೆ. ನಮ್ಮ ಲಾಲು ಆದ್ರೆ ಎರಡೇ ಮಾತು, ಬಡಿಸ್ಕೊಂಡೇ ಕೂರ್ಬೋದು."

ಸೌದೆ ಹೊತ್ತು ಬಂದ ಯೇಸುರತ್ನಂ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಾನೆ. "ನಾನು ಉದ್ದ ಪ್ರಾರ್ಥನೆ ಮಾಡೋದ್ರಿಂದಾನೇ ಅಮ್ಮಾ, ನಿಮ್ಮ ಬೇಳೆ ಬೇಯೋದು!"

"ಹೋಗೋ, ಮಾತಿನ ಮಲ್ಲ. ಸೌದೆ ಅಲ್ಲಿಡು."

ಅಂಜನಮ್ಮ ಇಲ್ಲಿಗೆ ಬಂದದ್ದು ಅಡುಗೆಗಲ್ಲ, ಗಾರೆ ಹೊರಲು. ಗಂಡ ಬೆಟ್ಟಯ್ಯ ಬಂಡೆ ಒಡೆಯುತ್ತಿದ್ದವರು. ಒಂದು ದಿನ ಕಲ್ಲು ಉರುಳಿ ಕಾಲು ಜಜ್ಜಿಹೋಯಿತು. ಆಮೇಲೆ ಅವರು ದುಡಿಯಲಿಲ್ಲ. ಆಗ ಕಾಲೇಜಿನ ಕಟ್ಟಡ ಏಳುತ್ತಿತ್ತು. ಕೂಲಿಗೆ ಬಂದ ಅಂಜನಮ್ಮ ಮೇಸ್ತ್ರಿಗಳಿಗೆ ಮುದ್ದೆ ಸಾರು ಮಾಡಿಹಾಕುತ್ತಿದ್ದುದನ್ನು ನೋಡಿ ಪ್ರಿನ್ಸಿಪಾಲರು ಉಳಿಸಿಕೊಂಡರು. "ಈ ಒಲೆಗೆ ಮಣ್ಣು ಮೆತ್ತಿದೋಳೂ ನಾನೇ," ಎಂದು ಒಲೆಯ ಅಂಚನ್ನು ಅಂಗೈಯಿಂದ ಸವರುತ್ತಾರೆ. ಅಲ್ಲೊಂದು ಕುಂಕುಮದ ಬೊಟ್ಟು ಇದೆ. ಬೈಬಲ್ ಕಾಲೇಜಿನ ಒಲೆಗೆ ಕುಂಕುಮವೇ ಎಂದು ನಾನು ಕೇಳುವ ಮುಂಚೆ ಅವರೇ ಹೇಳುತ್ತಾರೆ. "ಇಡೋವಾಗ ಒಂದಿನ ಅಯ್ಯನೋರು ಬಂದ್ಬಿಟ್ರು. ಅಳಿಸು ಅನ್ನಲಿಲ್ಲ ಅವರು. ಮಾರನೇ ದಿನದಿಂದ ಬೆಳಿಗ್ಗೆ ಇತ್ಲಾಗೆ ಬಂದ್ರೆ ಬಾಗಿಲ ಹತ್ರ ಕೆಮ್ಮಿ, ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಬರ್ತಾರೆ."

ಅಯ್ಯನೋರು ಎಂದರೆ ಪ್ರಿನ್ಸಿಪಾಲ್ ರೆವರೆಂಡ್ ದೇವಮಿತ್ರ. ಈ ಬೇಸಿಗೆ ಅಂಜನಮ್ಮನ ಕೆಲಸ ಹೋಗುವ ಸುದ್ದಿಯನ್ನು ಹೇಳಬೇಕಾಗಿ ಬಂದದ್ದೂ ಅವರಿಗೇ. ಅಕ್ಕಿ, ಎಣ್ಣೆ ಬೆಲೆ ಏರಿದೆ. ಹೊರದೇಶದಿಂದ ಬರುತ್ತಿದ್ದ ನೆರವು ಇಳಿದಿದೆ. ಜೂನ್‌ನಿಂದ ವಿದ್ಯಾರ್ಥಿಗಳೇ ಸರದಿಯ ಮೇಲೆ ಅಡುಗೆ ಮಾಡಿಕೊಳ್ಳಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಅಲ್ಲಿಯವರೆಗೆ ಅವರಿಗೆ ಅಡುಗೆ ಕಲಿಸುವವರು ಅಂಜನಮ್ಮ. "ಅದನ್ನು ಆಕೆಗೆ ಹೇಳಲು ಎರಡು ಸಲ ಬಾಗಿಲವರೆಗೆ ಹೋಗಿ ಹಿಂದೆ ಬಂದೆ," ಎನ್ನುತ್ತಾರೆ ದೇವಮಿತ್ರ. "ಆಕೆ ಕೇಳಿದ್ದು ಒಂದೇ ಮಾತು: ಯಾವಾಗಿಂದ ಕಲಿಸಬೇಕು ಅಂತ."

ಕಲಿಕೆ ಸುಲಭವಾಗಿಲ್ಲ. ಅಂಜನಮ್ಮ ಲಾಲು ಎಂದು ಕರೆಯುವ ಮಿಜೋ ಹುಡುಗ ಲಾಲ್‌ಥಂಗ ಮೊದಲ ವಾರ ಹುಣಿಸೆಹಣ್ಣನ್ನು ಬೀಜದ ಸಮೇತ ಸಾರಿಗೆ ಹಾಕಿದ. ಮುದ್ದೆ ತಿರುವಲು ಹೋದ ಇಬ್ಬರು ಕೈ ಸುಟ್ಟುಕೊಂಡರು. ಅಂಜನಮ್ಮ ಬೈಯುತ್ತಾರೆ, ನಗುತ್ತಾರೆ, ಮತ್ತೆ ತೋರಿಸುತ್ತಾರೆ.

ಮೊಸರು ತಂದ ಮುನಿತಾಯಮ್ಮನಿಗೆ ಇದು ಸಹಿಸದು. ಅವರು ಅಂಜನಮ್ಮನ ಅಕ್ಕ. ಗಡಿಗೆ ಇಳಿಸುತ್ತಲೇ ಶುರು ಮಾಡುತ್ತಾರೆ.

"ಬುದ್ಧಿ ಗಿದ್ಧಿ ಕೆಟ್ಟಿದ್ಯೇನೇ ನಿಂಗೆ? ನಿನ್ನ ಅನ್ನ ಕಿತ್ಕೊಳ್ಳೋರಿಗೆ ನೀನೇ ಉಪ್ಪು ಖಾರ ಹೇಳ್ಕೊಡ್ತೀಯಲ್ಲ! ಒಂದೆರಡು ತಪ್ಪು ಹೇಳು ಕಣೇ. ಎರಡು ದಿನ ಸೀದ ಕೂಳು ತಿಂದ್ರೆ ತಾವೇ ಬಂದು ಕರೀತಾರೆ."

"ಸೀದಿದ್ದು ತಿನ್ನೋರು ಈ ಹುಡುಗ್ರಲ್ವೇನಕ್ಕ? ತೀರ್ಮಾನ ಮಾಡಿದೋರು ಬೇರೆ ಎಲ್ಲೋ ಉಣ್ತಾರೆ."

ಮುನಿತಾಯಮ್ಮ ನನ್ನ ಕಡೆ ತಿರುಗುತ್ತಾರೆ. "ನೋಡಿದ್ರಾ ತಾಯೀ, ಇವಳ ಬಾಯಿ! ನಾಳೆ ಬೆಟ್ಟಯ್ಯಂಗೆ ಏನು ಹಾಕ್ತಾಳೆ ಕೇಳಿ." ಅಂಜನಮ್ಮ ಮೊಸರಿನ ಮೇಲೆ ತಟ್ಟೆ ಮುಚ್ಚುತ್ತಾರೆ. ಆಮೇಲೆ, ಅಕ್ಕ ಹೋದ ಮೇಲೆ, ತಗ್ಗಿದ ದನಿಯಲ್ಲಿ ನನಗೆ ಹೇಳುತ್ತಾರೆ: "ರಾತ್ರಿ ನಿದ್ದೆ ಬರಲ್ಲ ಅಮ್ಮಾ. ಸುಳ್ಯಾಕೆ ಹೇಳ್ಲಿ. ಪ್ಯಾಟೇಲಿ ಯಾರದಾದ್ರೂ ಮನೆ ಕೆಲಸ ನೋಡ್ಕೋಬೇಕು."

ಆಸೆ ಏನಾದರೂ ಇದೆಯೇ ಎಂದರೆ ಸ್ವಲ್ಪ ಯೋಚಿಸುತ್ತಾರೆ. "ಭಾನುವಾರ ಹಾಡ್ಕೊಂಡು ಹೋಗ್ತಾರಲ್ಲ, ಆವಾಗ ನಮ್ಮ ಬೀದೀಗೂ ಬರ್ಲಿ. ಮಜ್ಜಿಗೆ ಕುಡೀದೆ ಮುಂದಕ್ಕೆ ಹೋಗ್ಬಾರ್ದು, ಅಷ್ಟೇ."

ತೀರ್ಮಾನ ಜಾರಿಗೆ ಬರುವ ಮುಂಚೆ ಮಂಡಳಿ ಒಂದು ಪರೀಕ್ಷೆ ಇಟ್ಟಿದೆ, ಅದು ನಾನು ಹೋದ ದಿನವೇ. ಮಧ್ಯಾಹ್ನದ ಅಡುಗೆಯನ್ನು ವಿದ್ಯಾರ್ಥಿಗಳೇ ಮಾಡಬೇಕು, ಅಂಜನಮ್ಮ ಒಳಗೆ ಕಾಲಿಡಬಾರದು. ಚೆನ್ನಾಗಿ ಬಂದರೆ ಜೂನ್‌ನಿಂದ ಅವರದೇ ಅಡುಗೆ. ಕೆಟ್ಟರೆ ಇನ್ನೊಂದು ವರ್ಷ ಅಂಜನಮ್ಮನೇ. ಪ್ರಿನ್ಸಿಪಾಲರು ಇಷ್ಟು ಹೇಳಿ ಬಾವಿಯ ಹತ್ತಿರ ಹೋಗಿ ನಿಲ್ಲುತ್ತಾರೆ.

ಅಂಜನಮ್ಮ ಹೊರಗೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಾರೆ. ಕೈಗಳಿಗೆ ಕೆಲಸವಿಲ್ಲ. ಸೆರಗಿನ ಅಂಚನ್ನು ಸುತ್ತುತ್ತಾರೆ, ಬಿಚ್ಚುತ್ತಾರೆ. ಒಳಗಿಂದ ಪಾತ್ರೆ ಬಿದ್ದ ಸದ್ದು, ನಗು, ಯೇಸುರತ್ನಂನ ತೆಲುಗು ಗದರಿಕೆ. ಒಗ್ಗರಣೆ ಸಿಡಿಯುತ್ತದೆ. "ಸಾಸಿವೆ ಸರಿಯಾಗಿ ಸಿಡೀತು," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

ಸ್ವಲ್ಪ ಹೊತ್ತಿಗೆ ಅವರ ಮೂಗು ಅರಳುತ್ತದೆ. ನನಗೆ ಏನೂ ತಿಳಿಯುವುದಿಲ್ಲ. ಅವರಿಗೆ ತಿಳಿದಿದೆ: ಅನ್ನದ ತಪ್ಪಲೆ ತಳ ಹಿಡಿಯುತ್ತಿದೆ. ಒಳಗಿರುವವರು ಸಾರಿನ ಸಂಭ್ರಮದಲ್ಲಿದ್ದಾರೆ. ಸುಮ್ಮನಿದ್ದರೆ ಸಾಕು. ಅಂಜನಮ್ಮ ಬಾವಿಯ ಕಡೆ ನೋಡುತ್ತಾರೆ, ಗೇಟಿನ ಆಚೆ ತಮ್ಮ ಊರಿನ ದಾರಿಯ ಕಡೆ ನೋಡುತ್ತಾರೆ. ಸೆರಗು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದೆ.

"ಲಾಲೂ! ಲೋ ಲಾಲೂ! ಅನ್ನದ ಒಲೆ ಕೊಳ್ಳಿ ಈಚೆಗೆ ಎಳಿಯೋ! ಸೌಟು ಹಾಕಬೇಡ, ಕಲಸಬೇಡ. ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ ಬಿಡು!"

ಒಳಗೆ ಓಡಾಟ. ಕೊಳ್ಳಿಗೆ ನೀರು ಬಿದ್ದ ಚುಯ್ ಎಂಬ ಸದ್ದು. ಬಾವಿಯ ಬಳಿ ನಿಂತ ದೇವಮಿತ್ರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಅನ್ನ ಉಳಿಯುತ್ತದೆ. ಊಟದ ಮನೆಯಲ್ಲಿ ಬೆಂಚು ಎಳೆಯುವ ಸದ್ದು ಕೇಳುತ್ತದೆ. ಇನ್ನೂ ಯಾರಿಗೂ ಬಡಿಸಿಲ್ಲ. ಅಡುಗೆಮನೆಯ ಬಾಗಿಲಿನಿಂದ ಲಾಲ್‌ಥಂಗ ಹೊರಗೆ ಬರುತ್ತಾನೆ, ಮುಖವೆಲ್ಲ ಮಸಿ. ಎರಡು ಕೈಯಲ್ಲೂ ಹಿಡಿದ ತಟ್ಟೆಯಲ್ಲಿ ಮೇಲಿನ ಬಿಳಿ ಅನ್ನ, ಸಾರು, ಹುರುಳಿಕಾಯಿ ಪಲ್ಯ. ಒಗೆಯುವ ಕಲ್ಲಿನ ಮುಂದೆ ಮಂಡಿಯೂರಿ, ತಟ್ಟೆಯನ್ನು ಅಂಜನಮ್ಮನ ಮಡಿಲಿಗೆ ಇಡುತ್ತಾನೆ.