ನೀರಿಗೆ ಬಿಟ್ಟ ಜಾಗ

ನಮ್ಮ ಚಿಕ್ಕಮ್ಮನನ್ನು ಹೊಳೆದಡದವರೆಲ್ಲ ಡಾಕ್ಟರಮ್ಮ ಎಂದೇ ಕರೆಯುವುದು. ಓದಿದ್ದು ನಾಲ್ಕನೇ ಕ್ಲಾಸು. ಚಳಿಗಾಲಕ್ಕೆ ನೀರಿನಿಂದ ಮೇಲೆ ಎಳೆದಿಟ್ಟ ಮರದ ದೋಣಿಗಳ ಹೊಟ್ಟೆಗೆ ಕಿವಿ ಕೊಟ್ಟು, ಬೆರಳ ಗೆಣ್ಣಿನಿಂದ ಕುಟ್ಟಿ, “ಇದಕ್ಕೆ ಗಾಳಿ ಸಾಲದು, ಇದಕ್ಕೆ ಬಾಯಾರಿದೆ” ಎನ್ನುತ್ತಾಳೆ. ಮೊದಲೆಲ್ಲ ನಾನೂ ನಗುತ್ತಿದ್ದೆ. ಈಗ ಯಾರಾದರೂ ನಕ್ಕರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಚಿಕ್ಕಪ್ಪ ದೋಣಿ ಕಟ್ಟುವ ಬಡಗಿ. ಕಟ್ಟಿದ್ದೆಲ್ಲ ಯಾರ್ಯಾರದೋ ಪಾಲಾಗಿ, ಚಿಕ್ಕಪ್ಪ ತೀರಿಕೊಂಡಾಗ ಚಿಕ್ಕಮ್ಮನಿಗೆ ಅವರ ಕೈಕೆಲಸವೆಂದು ಉಳಿದದ್ದು ಹಿತ್ತಲ ಶೆಡ್ಡಿನ ಒಂದೇ ದೋಣಿ. ಆ ಚಳಿಗಾಲ ಮಗಳ ಬಾಣಂತನಕ್ಕೆ ಹೊರಟವಳು ಅದನ್ನು ನನಗೊಪ್ಪಿಸಿದಳು.

“ಟಾರ್ಪಾಲು ಮೈಗೆ ತಾಗಬಾರದು, ಅಡಿಯಲ್ಲಿ ಗಾಳಿ ಆಡ್ತಿರಬೇಕು. ಒಳಗೆ ಹಾಸಿರೋ ಗೋಣಿಚೀಲಕ್ಕೆ ದಿನಾ ನೀರು ಚಿಮುಕಿಸು. ಬೇರೇನೂ ಮಾಡಬೇಡ, ದಮ್ಮಯ್ಯ! ನಿನ್ನ ಕೈ ಸುಮ್ನಿರಲ್ಲ.”

ಮರಕ್ಕೆ ನೀರು ಹಾಕಿದರೆ ಕೊಳೆಯುವುದಿಲ್ಲವೇ? ನನ್ನ ದೊಡ್ಡ ಬುದ್ಧಿ ಹಾಗೆ ಕೇಳಿತು. ಗೋಣಿಚೀಲ ತೆಗೆದು ಮೂಲೆಗೆಸೆದೆ. ಒಂದು ತಿಂಗಳು ಒಣಗಾಳಿ ಬೀಸಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಹಲಗೆಗಳ ಸಂದಿನಿಂದ ಆಚೆಗಿನ ಬೆಳಕು ಕಾಣುತ್ತಿದೆ! ಎರಡು ದಿನ ದೋಣಿಯಡಿ ಅಂಗಾತ ಮಲಗಿ, ಒಣಗಿದರೆ ಕಲ್ಲಾಗುವಂಥ ಪುಟ್ಟಿಯನ್ನು ಪ್ರತಿ ಸಂದಿಗೂ ಮೆತ್ತಿದೆ. ಮೇಲೆ ಬಣ್ಣ ಬೇರೆ.

ಚಿಕ್ಕಮ್ಮ ಬಂದವಳು ಕೈಚೀಲವನ್ನೂ ಇಳಿಸದೆ ಶೆಡ್ಡಿಗೆ ಹೋಗಿ ಕುಟ್ಟಿದಳು. ಮತ್ತೆ ಕುಟ್ಟಿದಳು.

“ಏನು ಮಾಡಿದ್ದೀಯೋ?”

“ಬಿರುಕು ಬಿಟ್ಟಿತ್ತು, ಮುಚ್ಚಿದೆ. ಇನ್ನು ಒಂದು ತೊಟ್ಟು ನೀರು ಬರಲ್ಲ ಚಿಕ್ಕಮ್ಮ.”

“ಅಯ್ಯೋ ಪುಣ್ಯಾತ್ಮ! ನೀರು ಕುಡಿದ ಹಲಗೆ ಊದುತ್ತೆ. ಊದೋಕೆ ಜಾಗ ಎಲ್ಲಿದೆ? ಒಂದನ್ನೊಂದು ನೂಕಿ ದೋಣಿಯ ಪಕ್ಕೆಲುಬೇ ಮುರಿಯುತ್ತೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲೇ ಇಲ್ಲ. ಮಾರನೆಯ ದಿನ ನನ್ನ ಕೈಗೊಂದು ಉಳಿ ಕೊಟ್ಟು, ತಾನೊಂದು ಹಿಡಿದು ಕೂತಳು. ನಾನು ಒಂದು ಗೇಣು ಕೆರೆಯುವಷ್ಟರಲ್ಲಿ ಅವಳು ಒಂದು ಮಾರು ಮುಗಿಸಿರುತ್ತಿದ್ದಳು, ಮರಕ್ಕೆ ಒಂದು ಗೀರೂ ಇಲ್ಲದೆ. ನನ್ನ ಉಳಿ ಎರಡು ಕಡೆ ಜಾರಿತು. ಅವಳು ಆ ಗಾಯ ಸವರಿ ನೋಡಿದಳಷ್ಟೆ. ಪುಟ್ಟಿಯ ಅಡಿಯಲ್ಲಿ, ನೀರು ತಡೆಯಲೆಂದು ಚಿಕ್ಕಪ್ಪ ಸಂದಿಗೆ ಒತ್ತಿದ್ದ ಹತ್ತಿಯ ಎಳೆ ಹಾಗೇ ಇತ್ತು. ನಲವತ್ತು ದಿನ ಹಿಡಿಯಿತು. ಗೋಣಿಚೀಲಗಳು ಮತ್ತೆ ಒಳಗೆ ಹೋದವು.

ಚಳಿ ಕಳೆದು ದೋಣಿಯನ್ನು ದಡದಂಚಿನ ನೀರಿಗಿಳಿಸಿ ಕಂಬಕ್ಕೆ ಕಟ್ಟಿದೆವು. ಎಲ್ಲ ಸಂದಿನಿಂದಲೂ ನೀರು ನುಗ್ಗಿತು. ಸಂಜೆಯೊಳಗೆ ಅಂಚಿನವರೆಗೂ ಮುಳುಗಿತು. ನಾನು ಹಗ್ಗಕ್ಕೆ ಕೈ ಹಾಕಿದೆ.

“ಹೋಯ್ತು ಚಿಕ್ಕಮ್ಮ! ಮೇಲೆಳೆಯೋಣ.”

“ಕುಡೀಲಿ ಬಿಡು,” ಎಂದಳು. ಆದರೆ ಅವಳ ಲೋಟದ ಟೀ ಹಾಗೇ ಆರುತ್ತಿತ್ತು. ನನ್ನ ಉಳಿ ಜಾರಿದ ಕಡೆ ಮರ ಕೂಡಿಕೊಳ್ಳುತ್ತದೋ ಇಲ್ಲವೋ, ಅವಳಿಗೂ ಗೊತ್ತಿರಲಿಲ್ಲ.

ಮೂರನೆಯ ಬೆಳಿಗ್ಗೆ ಇಬ್ಬರೂ ಬಕೆಟ್ಟಿನಿಂದ ನೀರು ತೋಡಿದೆವು. ತಳ ಒರೆಸಿ ಕಾದೆವು. ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಬಿಸಿಲು ನೆತ್ತಿಗೆ ಬಂತು. ತಳ ಒಣಗಿತು. ಅಬ್ಬಾ! ಮೊಳೆಯಿಲ್ಲ, ಅಂಟಿಲ್ಲ, ಮರ ತಾನೇ ತನ್ನ ಬಾಯಿ ಮುಚ್ಚಿಕೊಂಡಿತ್ತು.

ಚಿಕ್ಕಮ್ಮ ಹಲಗೆಗೆ ಕಿವಿಯಿಟ್ಟು ಕುಟ್ಟಿದಳು.

“ಮರ ಜೋಡಿಸುವಾಗಲೇ ನಿಮ್ಮ ಚಿಕ್ಕಪ್ಪ ಈ ನೀರಿಗೆ ಅಂತ ಜಾಗ ಬಿಟ್ಟಿದ್ರು ಕಣೋ. ಅದನ್ನೇ ನೀನು ತುಂಬಿಬಿಟ್ಟಿದ್ದೆ.”

ಬೆಳಕು ಕಂಡಿದ್ದ ಸಂದಿಗೆ ನಾನು ಉಗುರು ಒತ್ತಿ ನೋಡಿದೆ. ಉಗುರಿನ ತುದಿಯೂ ಇಳಿಯಲಿಲ್ಲ. ತಲೆಯೆತ್ತಿದಾಗ, ಚಿಕ್ಕಪ್ಪ ಹುಟ್ಟು ಹಾಕಲು ಕೂರುತ್ತಿದ್ದ ಜಾಗದಲ್ಲಿ ಚಿಕ್ಕಮ್ಮ ಕೂತಿದ್ದಳು.

“ಹುಟ್ಟು ಕೊಡು,” ಎಂದಳು.