ತವರಿನ ಹೆಸರು

ಬೈಲಹೊಂಗಲದ ಪೇಟೆಯಲ್ಲಿ ಯಾರಾದರೂ ಕುಸುಬಿ ಎಣ್ಣೆಯ ಡಬ್ಬಿ ತೆರೆದರೆ ಇಂದಿಗೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಯರಗಟ್ಟಿಯಲ್ಲಿ ನಮ್ಮದು ಎಣ್ಣೆ ಅಂಗಡಿ ಇತ್ತು. ಅಂಗಡಿಯ ಹಿಂದಿದ್ದ ಮನೆಯ ಗೋಡೆ, ಬಾಗಿಲು, ಹೊದೆಯುವ ಕೌದಿಗಳಿಗೂ ಅದೇ ವಾಸನೆ. ರಸ್ತೆ ಅಗಲವಾದಾಗ ಮನೆ ಹೋಯಿತು. ನಿಮ್ಮ ಬಾಲ್ಯದ ಮನೆಯೂ ಹಾಗೇ ಎಲ್ಲೋ ಹೋಗಿರಬಹುದು. ಆದರೆ ನನಗೆ ಮೊದಲು ನೆನಪಾಗುವುದು ಗೋಡೆಗಳಲ್ಲ, ಆಯಿ, ಅಪ್ಪನ ತಾಯಿ. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ, ಮೇಲೆ ಎಣ್ಣೆ ಸುರಿದು, ಸುರುಳಿ ಸುತ್ತಿ ನನ್ನ ಕೈಗಿಡುತ್ತಿದ್ದಳು. ಕೂದಲು ನರೆತಿದ್ದ ಅಪ್ಪನಿಗೂ ಹಾಗೇ ಸುತ್ತಿ ಕೊಡುತ್ತಿದ್ದಳು. ಅವನು ಬೇಡ ಅಂದದ್ದನ್ನು ನಾನು ಎಂದೂ ಕೇಳಿಲ್ಲ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಆಯಿ ಕರೆದರೆ ಓಗೊಡುವುದನ್ನು ಬಿಟ್ಟಳು. ಕಿವಿ ಮಂದವಾಯಿತೆಂದುಕೊಂಡೆವು. ಓಣಿಯವರು ಶಾಂತವ್ವ ಎಂದು ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಕಟ್ಟೆಯ ಮೇಲೆ ಸೆರಗು ಬಿಗಿದು ಕುಳಿತು "ನಮ್ಮಪ್ಪ ಕರಕೊಂಡ ಹೋಗಾಕ ಬರತಾನ" ಎನ್ನುತ್ತಿದ್ದಳು. ತಾಟು ಇಟ್ಟರೆ ದೂಡಿ, "ಗುರ್ತಿಲ್ಲದವರ ಮನ್ಯಾಗ ಹೆಂಗ ಉಣ್ಣಲಿ?" ಎನ್ನುತ್ತಿದ್ದಳು. ಧಾರವಾಡದ ಡಾಕ್ಟರು ಇದು ಮರೆವಿನ ರೋಗ, ವಾಸಿಯಾಗುವುದಲ್ಲ ಎಂದರು.

ಒಂದು ದಿನ ತವರೂರು ಚಚಡಿಯಿಂದ ಆಕೆಯ ತಮ್ಮ ಬಂದರು. ಬಾಗಿಲಲ್ಲಿ ನಿಂತು "ನೀಲಕ್ಕಾ" ಎಂದರು. ಆಯಿ ತಟ್ಟನೆ ತಿರುಗಿ ನಕ್ಕಳು. ನಮಗೆ ಆ ಹೆಸರೇ ಗೊತ್ತಿರಲಿಲ್ಲ. ತವರಿನಲ್ಲಿ ಆಕೆ ನೀಲವ್ವ, ಆಕೆಯ ಅತ್ತೆಯೂ ನೀಲವ್ವ. ಹಿರಿಯಳ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆಂದು ಮದುವೆಯಲ್ಲಿ ಶಾಂತವ್ವ ಎಂದು ಬದಲಾಯಿಸಿದ್ದರಂತೆ. ಅಂದಿನಿಂದ ನನ್ನ ತಾಯಿಯೂ ನಾನೂ ಆಕೆಯನ್ನು ನೀಲವ್ವ ಎಂದೇ ಕರೆದೆವು. ನಮ್ಮ ಕೈಯಿಂದ ಉಂಡಳು. ಆದರೆ ಆ ನೀಲವ್ವ ಇನ್ನೂ ಮದುವೆಯಾಗದ ಹುಡುಗಿ. ಅವಳಿಗೆ ಮಗನೂ ಇರಲಿಲ್ಲ, ಮೊಮ್ಮಗಳೂ ಇರಲಿಲ್ಲ. ನನ್ನನ್ನು ಗೆಳತಿ ಎಂದುಕೊಂಡಳು, ನನಗದು ಒಗ್ಗಿತು. ಅಪ್ಪನಿಗೆ ಒಗ್ಗಲಿಲ್ಲ. "ನೀವೂ ಒಮ್ಮೆ ಹಂಗ ಕರದ ನೋಡ್ರಿ" ಎಂದು ನನ್ನ ತಾಯಿ ಹೇಳಿದಾಗ, "ಅಕಿನ್ನ ನೀಲವ್ವ ಅಂದ್ರ ಮತ್ತ ನಾ ಯಾರ ಆಗ್ಲಿ?" ಎಂದ. ದಿನವೂ ಹತ್ತಿರ ಕುಳಿತು ಅವ್ವಾ ಎನ್ನುತ್ತಿದ್ದ. ಆಕೆ ಗೋಡೆಯತ್ತ ಹೊರಳುತ್ತಿದ್ದಳು.

ಬೇಸಿಗೆಯಲ್ಲಿ ಆಕೆಗೆ ಜ್ವರ ಬಂತು. ನನ್ನ ತಾಯಿ ಔಷಧಕ್ಕೆ ಹೋಗಿದ್ದಳು. ನೀರು ಕುಡಿಸಲು ಎತ್ತಿ ಕೂರಿಸುವ ಶಕ್ತಿ ನನಗಿರಲಿಲ್ಲ, ಅಪ್ಪ ತೋಳು ಕೊಟ್ಟು ಎಬ್ಬಿಸಿದ. ಪರಗಂಡಸು ಮುಟ್ಟಿದನೆಂದು ಆಕೆ ನಡುಗಿ ತುಟಿ ಬಿಗಿದಳು. "ಅವ್ವಾ, ಒಂದ ಗುಟುಕ" ಎಂದು ಬೇಡಿದ. ಒಣಗಿದ ತುಟಿ ಬಿಚ್ಚಲಿಲ್ಲ. ಕೊನೆಗೆ ತೀರ ಸಣ್ಣ ದನಿಯಲ್ಲಿ, "ನೀಲವ್ವಾ, ನೀರ ಕುಡಿ" ಎಂದ.

ಆಕೆ ಕುಡಿದಳು. ಅವನ ಮುಖ ನೋಡಿ, "ಯಾರ ಪೈಕಿ ನೀ?" ಎಂದಳು.

"ಇಲ್ಲೇ, ಬಾಜೂ ಮನ್ಯಾಂವ."

"ಹೊತ್ತಾತು. ನಿಮ್ಮವ್ವ ಹಾದಿ ನೋಡತಿರತಾಳ, ಮನೀಗಿ ಹೋಗು."

ಅಪ್ಪ ಎದ್ದು ನಿಜವಾಗಿಯೂ ಹೊರಗೆ ಹೋದ. ಆಮೇಲೆ ಆಕೆ ಇರುವವರೆಗೂ ಬಾಜೂ ಮನೆಯವನಾಗಿಯೇ ನೀರು ಕುಡಿಸಿದ.

ಮಳೆ ಹಿಡಿಯುವ ಹೊತ್ತಿಗೆ ಆಯಿ ಹೋದಳು. ಮಣ್ಣು ಮಾಡಿ ಬಂದ ಮೇಲೆ ಓಣಿಯವರೊಬ್ಬರು, "ತಾಯಿ ಇದ್ದಷ್ಟ ದಿನ ಛಲೋ ನೋಡ್ಕೊಂಡ್ರಿ" ಎಂದರು. ಅಪ್ಪ ಅಳಲಿಲ್ಲ. "ನಮ್ಮವ್ವ ಯಾವಾಗೋ ಹೋಗ್ಯಾಳ್ರಿ. ಇವತ್ತ ಹೋದಾಕಿ ಚಚಡಿ ಹುಡುಗಿ" ಎಂದ. ಆ ಹುಡುಗಿಯನ್ನು ಬಲ್ಲವರು ಅಲ್ಲಿ ಒಬ್ಬರೇ ಇದ್ದರು. ಆಕೆಯ ತಮ್ಮ, ಪಡಸಾಲೆಯ ಕಂಬಕ್ಕೆ ಒರಗಿ, ಮುಖಕ್ಕೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡು ಅಳುತ್ತಿದ್ದರು.